ತೇಲುಡಬ್ಬಿಯ ಕೆಂಪು ಬಟ್ಟೆ

“ಗುರುಗಳೇ, ನನ್ನ ನೋವನ್ನು ನಾನೇ ನುಂಗಿಕೊಂಡರೆ ಬೇರೆಯವರಿಗೆ ಅದರಿಂದ ಏನು ತೊಂದರೆ?”

ಹೀಗೆ ಕೇಳಿದವನು ಆಶ್ರಮದ ಶಿಷ್ಯ ಸುಬ್ರಾಯ. ಬೆಟ್ಟದ ಬುಡದ ಬಾವಿಯಿಂದ ನೀರು ಹೊತ್ತು ತರುವಾಗ ಆ ಬೆಳಿಗ್ಗೆ ಕೊಡದ ಸಮೇತ ಬಿದ್ದಿದ್ದ. ಎತ್ತಿ ನೋಡಿದರೆ ಮೊಣಕಾಲು ಎಷ್ಟೋ ದಿನಗಳಿಂದ ಊದಿಕೊಂಡದ್ದು. ಗುರುಗಳು ದಿನವೂ “ಹೇಗಿದ್ದೀಯೋ?” ಎಂದು ಕೇಳುತ್ತಿದ್ದರು. ಅವನು ದಿನವೂ “ಚೆನ್ನಾಗಿದ್ದೇನೆ” ಎನ್ನುತ್ತಿದ್ದ.

ಗುರುಗಳು ಅವನ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಬಿಸಿ ಎಣ್ಣೆ ಹಚ್ಚುತ್ತಿದ್ದರು. ಅವನು ನಾಚಿ ಕಾಲು ಎಳೆದುಕೊಳ್ಳಲು ನೋಡಿದ. ಅವರು ಬಿಡಲಿಲ್ಲ.

“ಸುಮ್ಮನೆ ಕೂತುಕೋ ಮಾರಾಯ. ಕಾಲು ಊದಿ ಸೋರೆಕಾಯಿಯಾಗಿದೆ, ಬಾಯಿಗೇನೂ ಕಡಿಮೆಯಿಲ್ಲ. ಎಣ್ಣೆ ಇಳಿಯುವ ತನಕ ಒಂದು ಕತೆ ಕೇಳು.

“ಕಡಲಿನಲ್ಲಿ ಮುಳುಗಿ, ಬಂಡೆಗೆ ಅಂಟಿದ ಚಿಪ್ಪು ಕೀಳುವವನೊಬ್ಬನಿದ್ದ. ಉಸಿರು ಕಟ್ಟಿ ಇಳಿಯುವುದು, ಕೀಳುವುದು, ಉಸಿರಿಗಾಗಿ ಮೇಲೆ ಬರುವುದು. ಅದೇ ಅವನ ಕಸುಬು. ನೀರಿನ ಕೆಳಗಿದ್ದವನು ಮೇಲಿನ ದೋಣಿಯವರಿಗೆ ಕಾಣುವುದಿಲ್ಲವಲ್ಲ? ಅವನ ಹೆಂಡತಿಗೆ ಅದೇ ಹೆದರಿಕೆ.

“ಅವಳು ಎಣ್ಣೆಯ ಖಾಲಿ ಡಬ್ಬಿಯೊಂದರ ಮುಚ್ಚಳ ಬಿಗಿದಳು. ಡಬ್ಬಿಗೆ ಬಿದಿರಿನ ಕೋಲು ಕಟ್ಟಿದಳು. ಕೋಲು ನೀರಿನಲ್ಲಿ ಮಲಗಬಾರದೆಂದು ಕೆಳತುದಿಗೆ ಕಲ್ಲು ಕಟ್ಟಿದಳು. ಮೇಲ್ತುದಿಗೆ ತನ್ನ ಮದುವೆಯ ಸೀರೆಯಿಂದ ಹರಿದ ಕೆಂಪು ತುಂಡು. ಡಬ್ಬಿಗೆ ಉದ್ದದ ಹಗ್ಗವೊಂದನ್ನು ಕಟ್ಟಿ, ಅದರ ಇನ್ನೊಂದು ತುದಿಯನ್ನು ಗಂಡನ ಸೊಂಟಕ್ಕೆ ಬಿಗಿದು, ‘ನೀವು ಎಲ್ಲಿರುತ್ತೀರೋ ಇದೂ ಅಲ್ಲೇ ಇರಬೇಕು, ಕೇಳಿದಿರಾ?’ ಎಂದಳು. ಪುಣ್ಯಾತ್ಗಿತ್ತಿ! ಕೇರಿಯ ದೋಣಿಯವರಿಗೆಲ್ಲ ಅವಳೇ ಹೋಗಿ ಹೇಳಿಬಂದಳು. ಕೆಂಪು ಬಟ್ಟೆ ಕಂಡರೆ ಅವರು ದೂರದಿಂದಲೇ ದೋಣಿಯನ್ನು ಬೇರೆ ಕಡೆಗೆ ತಿರುಗಿಸುತ್ತಿದ್ದರು.

“ಕೆಲವು ದಿನ ಎಲ್ಲ ಸರಿಯಿತ್ತು. ಆಮೇಲೆ, ಬಟ್ಟೆ ಕಂಡಲ್ಲಿ ಚಿಪ್ಪು ಇದೆಯೆಂದು ತಿಳಿದು ಬೇರೆ ಮುಳುಗುವವರೂ ಅಲ್ಲಿಗೇ ಬರತೊಡಗಿದರು. ಇವನಿಗೆ ಹೊಟ್ಟೆ ಉರಿಯಿತು. ಆಗ ಒಂದು ಉಪಾಯ ಹೂಡಿದ. ಬುದ್ಧಿವಂತ ನೋಡು! ಹಗ್ಗವನ್ನು ಸೊಂಟದಿಂದ ಬಿಚ್ಚಿ, ಚಿಪ್ಪೇ ಇಲ್ಲದ ಬೋಳು ಬಂಡೆಯೊಂದಕ್ಕೆ ಕಟ್ಟಿದ. ತಾನು ಈಜಿಹೋಗಿ ಬೇರೆ ಕಡೆ ಮುಳುಗಿದ. ದಡದಲ್ಲಿ ಹೆಂಡತಿ ಕೆಂಪು ಬಟ್ಟೆಯನ್ನು ನೋಡುತ್ತ ನೆಮ್ಮದಿಯಾಗಿ ಅಕ್ಕಿ ಆರಿಸುತ್ತಿದ್ದಳು.

“ಆ ಹೊತ್ತಿಗೆ ಅವಳ ತಮ್ಮನ ಎಂಜಿನ್ ದೋಣಿ ಬಂತು. ಬಾವನೆಂದರೆ ಅವನಿಗೆ ಪ್ರಾಣ. ಕೆಂಪು ಬಟ್ಟೆ ಕಂಡದ್ದೇ, ಬಾವ ಅಲ್ಲಿದ್ದಾನೆ, ಅವನಿಗೆ ತಾಗಬಾರದೆಂದು ದೋಣಿಯನ್ನು ಬೇರೆ ಕಡೆಗೆ ತಿರುಗಿಸಿದ. ಅದೇ ಗಳಿಗೆಗೆ ಬಾವ ಆ ದೋಣಿಯ ಮುಂದೆಯೇ ಉಸಿರಿಗಾಗಿ ಮೇಲೆದ್ದ. ಎಂಜಿನ್ನಿನ ರೆಕ್ಕೆ ಭುಜವನ್ನು ಸೀಳಿತು.

“ತಮ್ಮ ನೀರಿಗೆ ಹಾರಿ ಬಾವನನ್ನು ದೋಣಿಗೆ ಎಳೆದುಕೊಂಡ. ‘ಬಟ್ಟೆ ನೋಡಿಯೇ ತಿರುಗಿಸಿದೆನಲ್ಲ ಬಾವ! ನೀನು ಅಲ್ಲಿರಲಿಲ್ಲವಾ?’ ಎಂದು ಗೋಳೋ ಎಂದು ಅತ್ತ.

“ಅವನ ಜೀವ ಉಳಿಯಿತು. ಬಲಗೈ ಮಾತ್ರ ಮತ್ತೆ ಮೇಲೇಳಲಿಲ್ಲ. ಗಾಯವೂ ಒಣಗಿತು. ಆದರೆ ಆ ತಮ್ಮ ಆಮೇಲೆ ದೋಣಿ ಮುಟ್ಟಲಿಲ್ಲ. ಅಕ್ಕನ ಮನೆಯ ಅಂಗಳದ ತನಕ ಬರುತ್ತಿದ್ದ, ಒಳಗೆ ಬರಲಾರದೆ ಅಲ್ಲೇ ನಿಂತು ಹೋಗುತ್ತಿದ್ದ. ‘ನಿನ್ನದೇನೂ ತಪ್ಪಿಲ್ಲ, ಬಾರೋ’ ಎಂದು ಬಾವ ಎಷ್ಟು ಕರೆದರೂ ಅವನಿಗೆ ಹೊಸ್ತಿಲು ದಾಟಲು ಆಗಲಿಲ್ಲ.”

ಸುಬ್ರಾಯನ ಕಣ್ಣು ತುಂಬಿತು. ತನ್ನ ಕಾಲಿನ ನೋವು ಅವನಿಗೆ ಮರೆತೇ ಹೋಗಿತ್ತು.

“ಪಾಪ, ಗುರುಗಳೇ! ಆ ತಮ್ಮ ಪ್ರೀತಿಯಿಂದಲೇ ಅಲ್ಲವೇ ದೋಣಿ ತಿರುಗಿಸಿದ್ದು? ಅವನಿಗೇಕೆ ಆ ಸಂಕಟ?”

ಗುರುಗಳು ಊದಿದ ಮೊಣಕಾಲಿಗೆ ಬಟ್ಟೆ ಸುತ್ತಿ ಗಂಟು ಹಾಕಿದರು.

“ದಿನವೂ ನಿನ್ನನ್ನು ಕೇಳಿ, ನೀನು ಚೆನ್ನಾಗಿದ್ದೇನೆ ಅಂದ ಮೇಲೆಯೇ ಬಾವಿಗೆ ಕಳಿಸಿದವನು ನಾನು, ಮಾರಾಯ.”