ಚೀಟಿಯ ಮೇಲಿನ ಜರಿಜೋಡು

ಅಂಚೆಚೀಟಿಯನ್ನು ನಾಲಿಗೆಗೆ ತಾಗಿಸಿ ಅಂಟಿಸುತ್ತಿದ್ದ ಕಾಲದ ಮಾತು. ಸಣ್ಣದೊಂದು ಸಂಸ್ಥಾನದ ದಿವಾನರಿಗೆ ಹುಕಿ ಬಂತು. ಯುಗಾದಿಗೆ ಪರದೇಶಕ್ಕೆ ಹೋಗುವ ಟಪಾಲಿಗೆಲ್ಲ ಹಬ್ಬದ ಚೀಟಿಯೇ ಇರಬೇಕು! ಚಿತ್ರಗಾರ ಈರಾಚಾರಿಯನ್ನು ಕರೆಸಿದರು.

"ಇಡೀ ದರ್ಬಾರು ಕಾಣಬೇಕು. ಆನೆ ಸಾಲೂ ಬೇಕು. ಎಲ್ಲರಿಗಿಂತ ಮುಂದೆ ನಾನಿರಬೇಕು. ಒಬ್ಬರು ತಪ್ಪಿದರೂ ನಿನಗೆ ಕೆಲಸವಿಲ್ಲ!"

ಚೀಟಿ ನೋಡಿದರೆ ಹೆಬ್ಬೆರಳಷ್ಟು ಅಗಲ. ಈರಾಚಾರಿ ತಲೆ ಕೆರೆದುಕೊಂಡ. ಆಗ ಅವನಿಗೆ ಚಿಕ್ಕಂದಿನ ಯುಗಾದಿ ನೆನಪಾಯಿತು. ಬಾಗಿಲಾಚೆ ಬಿಟ್ಟ ಚಪ್ಪಲಿ ನೋಡಿಯೇ ಯಾವ ಮಾವ ಬಂದ, ಯಾವ ದೊಡ್ಡಪ್ಪ ಬಂದ ಎಂದು ಹೇಳಿ ಕುಣಿಯುತ್ತಿದ್ದನಲ್ಲ! ಕುಂಚ ತಾನಾಗಿ ಓಡಿತು.

ಚಿತ್ರ ನೋಡಿ ದಿವಾನರು ಕೆಂಡವಾದರು. ಮಾವಿನ ತೋರಣ ಕಟ್ಟಿದ ಬಾಗಿಲು, ಹೊರಗೆ ರಾಶಿ ಚಪ್ಪಲಿ. ಅಷ್ಟೇ!

"ದರ್ಬಾರೆಲ್ಲಿ?"

"ಒಳಗೆ ಊಟಕ್ಕೆ ಕೂತಿದೆ, ಸ್ವಾಮಿ."

"ನಾನೆಲ್ಲಿ?"

"ಹೊಸ್ತಿಲಿಗೆ ಅಂಟಿಕೊಂಡೇ ತಮ್ಮ ಜರಿಜೋಡು ಇದೆಯಲ್ಲ. ಎಲ್ಲರಿಗಿಂತ ಮುಂದೆ ಹೋಗಿ ಕೂತಿದ್ದೀರಿ."

"ಆನೆಗಳು?"

"ಅವು ಚಪ್ಪಲಿ ಮೆಟ್ಟುವುದಿಲ್ಲವಲ್ಲ, ಸ್ವಾಮಿ!"

ದಿವಾನರು ನಗು ತಡೆದುಕೊಂಡು ಚಿತ್ರವನ್ನು ಕಣ್ಣ ಹತ್ತಿರ ಹಿಡಿದರು. ಎಷ್ಟು ಹೊತ್ತಾದರೂ ಕೆಳಗಿಡಲಿಲ್ಲ. ಕೊನೆಗೆ ಒಂದು ಮೂಲೆಯತ್ತ ಬೆರಳು ತೋರಿಸಿದರು.

"ದಾರ ಸುತ್ತಿದ ಈ ಹಳೇ ಮೆಟ್ಟು ಯಾರದಯ್ಯ?"

"ನಮ್ಮಪ್ಪನದು. ತೀರಿಕೊಂಡು ಬಹಳ ವರ್ಷವಾಯಿತು. ಚಿತ್ರದಲ್ಲಿ ಮಾತ್ರ ಒಳಗೆ ಹೋಳಿಗೆ ಬಡಿಸ್ತಿದ್ದಾರೆ, ಸ್ವಾಮಿ."

ದಿವಾನರು ಚಿತ್ರಕ್ಕೆ ಒಪ್ಪಿಗೆಯ ರುಜು ಹಾಕಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು:

"ನನ್ನೆಲೆಗೆ ತುಪ್ಪ ಸ್ವಲ್ಪ ಧಾರಾಳವಾಗಿ ಹಾಕೋಕೆ ಹೇಳಪ್ಪ."