ಪೆನ್ನಿನ ಕೊಳವೆಯೊಳಗಿನ ತುಂಡು ಪೆನ್ಸಿಲ್

ಪಿಯುಸಿ ಮುಗಿಸಿದ ಮುಬೀನಾಳಿಗೆ ಚಿತ್ರಕಲಾ ಕಾಲೇಜಿನ ಪ್ರವೇಶ ಪರೀಕ್ಷೆಗೆಂದು ಮಾವ ಹೊಸ ಪೆನ್ಸಿಲ್ ಕೊಡಿಸಿದ್ದ. ಡಬ್ಬಿಯಲ್ಲಿ ಅದು, ಖಾಲಿ ಪೆನ್ನಿನ ಕೊಳವೆಗೆ ಸಿಕ್ಕಿಸಿದ್ದ ಹಳೆಯ ತುಂಡು ಪೆನ್ಸಿಲನ್ನು ಕಂಡು ನಕ್ಕಿತು.

“ನೀನೇಕೆ ಇಷ್ಟು ಗಿಡ್ಡ?”

“ನಾನೂ ನಿನ್ನಷ್ಟೇ ಉದ್ದವಿದ್ದೆ. ಮೂರು ತಿಂಗಳು ಅವಳು ದಿನಾ ಹಿತ್ತಲಲ್ಲಿ ಓಡುವ ಕೋಳಿಯ ಚಿತ್ರ ಬರೆದಳು. ಕೋಳಿ ಒಂದು ದಿನವೂ ನಿಲ್ಲಲಿಲ್ಲ, ಅವಳೂ ನಿಲ್ಲಲಿಲ್ಲ.”

“ಇರಲಿ, ನಾಳೆ ಪರೀಕ್ಷೆಗೆ ಹೋಗುವವನು ನಾನು.”

ಮರುದಿನ ಮುಬೀನಾ ತುಂಡನ್ನೇ ಒಯ್ದಳು. ಸಂಜೆ ಡಬ್ಬಿಗೆ ಬರೀ ಕೊಳವೆ ಮರಳಿತು.

“ಅವನೆಲ್ಲಿ?” ಹೊಸ ಪೆನ್ಸಿಲ್ ಗಾಬರಿಯಿಂದ ಕೇಳಿತು.

“ಕೋಳಿಯ ಕೊನೆಯ ಉಗುರು ಬರೆಯುವಷ್ಟರಲ್ಲಿ ಪೂರ್ತಿ ಸವೆದುಹೋದ,” ಎಂದಿತು ಕೊಳವೆ. “ಪರೀಕ್ಷಕರು ಹಾಳೆ ನೋಡಿದವರೇ ಪಕ್ಕಕ್ಕೆ ಸರಿದು ಆ ಕೋಳಿಗೆ ದಾರಿ ಬಿಟ್ಟರು.”

ಹೊಸ ಪೆನ್ಸಿಲ್ ಡಬ್ಬಿಯ ಮೂಲೆಯಲ್ಲಿದ್ದ ಶಾರ್ಪನರನ್ನು ಕರೆಯಿತು.

“ಬಾರಯ್ಯ, ನನ್ನನ್ನೂ ಹೆರೆ.”