ಏಳನೇ ಸೀಟು

ಕಂಚಿಗಿರಿಯ ಬೀದಿಬೀದಿಯಲ್ಲಿ ಡಂಗುರ ಸಾರಿದರು: "ಕೇಳಿರಪ್ಪೋ ಕೇಳಿ. ಅರಮನೆಗೆ ಏಳು ಜನ ಕೂರುವ ದೊಡ್ಡ ಎಸ್‌ಯುವಿ ಬೇಕಾಗಿದೆ. ಮೂರು ಗಾಡಿಗಳು ಅಂಗಳಕ್ಕೆ ಬಂದು ನಿಂತಿವೆ. ರಾಜಕುಮಾರಿ ನೀಲಾಂಬಿಕೆಯವರ ಮೂರು ಒಗಟು ಬಿಡಿಸಿದವನಿಗೆ ಅರ್ಧ ರಾಜ್ಯ, ರಾಜಕುಮಾರಿಯ ಕೈ. ತಪ್ಪಿದವನು ಅಂಗಳದ ಮೂಲೆಯಲ್ಲಿ ಕೆಟ್ಟುನಿಂತ ಹಳೇ ಗಾಡಿಯಲ್ಲಿ ಒಂದು ಸೀಟು ಹಿಡಿಯಬೇಕು. ಏಳೂ ಸೀಟು ತುಂಬಿದ ದಿನ ಆ ಗಾಡಿಯನ್ನು ಕಣಿವೆಗೆ ದೂಡಲಾಗುವುದು."

ಇದೆಂಥ ಕ್ರೂರ ಹುಡುಗಿ ಎಂದು ಜನ ಆಡಿಕೊಂಡರು. ಆಡಿಕೊಳ್ಳುವ ಬಾಯಿಗಳಿಗೆ ಅವಳ ಸಿಟ್ಟಿನ ಬುಡ ಎಲ್ಲಿದೆ ಎಂದು ಕೇಳುವ ವ್ಯವಧಾನ ಇರಲಿಲ್ಲ.

ಆ ಹಳೇ ಗಾಡಿಯನ್ನು ತಂದವನು ರಾಜ ವೀರಭೂಪ. ಹೊಳೆಯುವ ಮುಸುಡಿ, ತಟ್ಟೆಯಗಲದ ಪರದೆ, ಹನ್ನೆರಡು ಬಣ್ಣದ ದೀಪ ನೋಡಿ ಮರುಳಾಗಿ ಕೊಂಡ. ಅರಮನೆಯ ಪದ್ಧತಿಯಂತೆ ರಾಜ ಮುಂದೆ, ಮಕ್ಕಳು ನಡುವೆ, ರಾಣಿ ಕೊನೆಯ ಸಾಲಿನಲ್ಲಿ. ಘಟ್ಟದ ತಿರುವಿನಲ್ಲಿ ಗಾಡಿ ಸತ್ತುಹೋಯಿತು. ಮೇಲಿನಿಂದ ಬಿಸಿಲು, ತೆರೆಯದ ಕಿಟಕಿ; ರಾಣಿಗೆ ಉಸಿರು ಕಟ್ಟಿತು. "ಸೀಟು ಮಡಚಿ, ಹೊರಗೆ ಬರುತ್ತೇನೆ" ಎಂದು ಕೇಳಿದಳು. ನಡುವಿನ ಸೀಟು ಮಡಚಬೇಕಾದರೂ ಗುಂಡಿ ಒತ್ತಬೇಕು; ಬ್ಯಾಟರಿಯೇ ಸತ್ತಿರುವಾಗ ಗುಂಡಿ ಏನು ಮಾಡೀತು? ಮಗಳು ಸೀಟನ್ನು ಎಳೆದೆಳೆದು ಉಗುರು ಕಿತ್ತುಕೊಂಡಳು. ರಾಜ ಕೆಳಗಿಳಿದು ಚಾಲಕನನ್ನು ಬೈಯುತ್ತಿದ್ದ. ಹಿಂದಿನ ಬಾಗಿಲ ಬೀಗ ಒಡೆಯುವಷ್ಟರಲ್ಲಿ ರಾಣಿ ಇರಲಿಲ್ಲ. ಇಷ್ಟಾದ ಮೇಲೂ ರಾಜ ಮತ್ತೊಂದು ಗಾಡಿ ತರಲು ಹೊರಟಾಗ ನೀಲಾಂಬಿಕೆ ಅಡ್ಡ ನಿಂತಳು. ಈ ಸಲ ಆರಿಸುವುದು ತಾನು ಎಂದಳು. ರಾಜನಿಗೆ ಬೇಡ ಎನ್ನುವ ಮುಖ ಉಳಿದಿರಲಿಲ್ಲ.

ಬಂದವರೋ, ಒಬ್ಬರಿಗಿಂತ ಒಬ್ಬರು ದೊಡ್ಡ ಮನುಷ್ಯರು. ನೆರೆರಾಜ್ಯದ ಯುವರಾಜ ಮೊದಲ ಒಗಟಿಗೇ ಮುಗ್ಗರಿಸಿದ. ಗಾಡಿ ವ್ಯಾಪಾರಿಯ ಮಗ ಎರಡನೆಯದಕ್ಕೆ ಎಂಜಿನ್ನಿನ ಶಕ್ತಿ ಎಂದು ಎದೆಯುಬ್ಬಿಸಿ ಹೇಳಿ ಸೀಟು ಹಿಡಿದ. ಮೂರನೆಯದರವರೆಗೆ ಹೋದ ಒಬ್ಬ ಪಂಡಿತ ಗಾಡಿಗಳನ್ನು ಗಜಕಡ್ಡಿಯಲ್ಲಿ ಅಳೆದು ಸೋತ. ಹೀಗೆ ಆರು ಜನ ಒಳಗಾದರು. ಸಾಯಲು ಕೂತಾಗಲೂ ಮುಂದಿನ ಸೀಟಿಗೇ ಜಗಳ ಆಡಿದರು ಪುಣ್ಯಾತ್ಮರು. ಒಡೆದ ಕಿಟಕಿಯೊಂದರಿಂದ ಕೊಟ್ಟ ಗಂಜಿ ಕುಡಿದು, ಏಳನೆಯವನು ಬಾರದಿರಲಿ ಎಂದು ಹರಕೆ ಹೊತ್ತರು. ಖಾಲಿ ಉಳಿದದ್ದು ಕೊನೆಯ ಸಾಲಿನ ಒಂದು ಸೀಟು.

ಏಳನೆಯವನಾಗಿ ಬಂದವನು ಮಾಳಿಂಗ. ಹಳೇ ಬಾಡಿಗೆ ಗಾಡಿಯಲ್ಲಿ ಹತ್ತು ವರ್ಷದಿಂದ ಮದುವೆ ದಿಬ್ಬಣ ಸಾಗಿಸುವವನು. ಅಂಗಿಯ ಮೇಲೆ ಗ್ರೀಸಿನ ಕಲೆ. ರಾಜ ಮೂಗು ಮುರಿದ. ಆರು ಜನರ ಜೀವ ತನ್ನ ನಾಲಗೆಯ ಮೇಲಿದೆ ಎಂದು ಮಾಳಿಂಗನಿಗೆ ಗೊತ್ತಿತ್ತು. ಅವರನ್ನು ಬಿಡಿಸಲಿಕ್ಕೇ ಅವನು ಬಂದಿದ್ದ.

ನೀಲಾಂಬಿಕೆ ಕೇಳಿದಳು: "ಕೊಂಡವನು ಆಕಾಶವನ್ನೇ ಮನೆಗೆ ತಂದೆ ಅನ್ನುತ್ತಾನೆ. ಒಳಗೆ ಕೂತವರು ಬಿಸಿಲು ತಂದ ಅನ್ನುತ್ತಾರೆ. ಏನದು?"

"ಗಾಡಿ ಮ್ಯಾಲಿನ ಗಾಜಿನ ಛಾವಣಿರಿ. ತೋರಿಸ್ಕೊಳ್ಳಾಕ ಛಲೋ. ಬ್ಯಾಸಗ್ಯಾಗ ಕೂಸು ಅಳೋದು ಅದರ ಕೆಳಗ."

"ಅದು ಇರುವಾಗ ಯಾರೂ ಅದರ ಹೆಸರೆತ್ತುವುದಿಲ್ಲ. ಇಲ್ಲದ ದಿನ ಮನೆಮಂದಿಯೆಲ್ಲ ರಸ್ತೆಯಲ್ಲಿ ನಿಂತು ಅದನ್ನೇ ನೆನೆಯುತ್ತಾರೆ. ಹೊಸ ಗಾಡಿಯಲ್ಲಿ ಅದನ್ನು ಕಂಡವರಿಲ್ಲ, ಹಳೇ ಗಾಡಿಯಲ್ಲಿ ಕಾಣುತ್ತದೆ. ಏನದು?"

ಹಳೇ ಗಾಡಿಯೊಳಗಿನ ಆರು ಮುಖಗಳು ಕಿಟಕಿಗೆ ಅಂಟಿಕೊಂಡವು.

"ಭರೋಸಾರಿ. ಹೊಸಾದು ಎಲ್ಲಾನೂ ಓಡತೈತಿ. ಹತ್ತು ವರ್ಷ ಆದ ಮ್ಯಾಲೆ ಯಾವುದು ಓಡತೈತಿ, ಕೆಟ್ರ ನಮ್ಮೂರ ಮಿಸ್ತ್ರಿ ಯಾವುದನ್ನ ಬಿಚ್ಚಿ ಕಟ್ತಾನ, ಅದನ್ನ ನೋಡಬೇಕ್ರಿ."

ನೀಲಾಂಬಿಕೆಯ ದನಿ ಗಡುಸಾಯಿತು. ಅಂಗಳದ ಮೂರು ಗಾಡಿಗಳಲ್ಲಿ ದೊಡ್ಡದು ಯಾವುದು ಹೇಳು, ಅಳತೆಕಡ್ಡಿ ಮುಟ್ಟಬಾರದು ಎಂದಳು.

ಮಾಳಿಂಗ ಗಾಡಿಗಳ ಸುತ್ತ ತಿರುಗಲಿಲ್ಲ, ಬಾನೆಟ್ ಎತ್ತಲಿಲ್ಲ. ನೇರ ಹೋಗಿ ಮೊದಲನೆಯದರ ಕೊನೆಯ ಸಾಲಿನಲ್ಲಿ ಕೂತ. ಮೊಣಕಾಲು ಗದ್ದಕ್ಕೆ ತಾಗಿತು. ಎರಡನೆಯದರಲ್ಲಿ ಕಾಲಿಗೆ ಜಾಗವಿತ್ತು, ಆದರೆ ಕಿಟಕಿ ತೆರೆಯಲಿಲ್ಲ. ಬೇರೆಯವರು ಸೀಟು ಮಡಚುವವರೆಗೆ ಇಳಿಯಲಾಗಲಿಲ್ಲ. ಮೂರನೆಯದು ನೋಡಲು ಗಿಡ್ಡ, ಬಣ್ಣವೂ ಮಂಕು. ಅದರಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತ, ಕಿಟಕಿ ತೆರೆದ, ಮುಂದಿನ ಸೀಟಿನ ಹಗ್ಗ ಕೈಯಾರೆ ಎಳೆದು ಮಡಚಿ ತಾನೇ ಇಳಿದು ಬಂದ.

"ಇದು ದೊಡ್ಡದ್ರಿ" ಎಂದ. "ದಿಬ್ಬಣದಾಗ ಹಿಂದ ಕೂತ ಮುದುಕಿ ಬೈದ್ರ ಆ ಗಾಡಿ ಸಣ್ಣದು. ಕೊಳ್ಳಾವ್ರು ಮುಂದ ಕೂತು ನೋಡ್ತಾರ. ಹಿಂದ ಕೂಡಾವ್ರನ್ನ ಯಾರೂ ಕೇಳಂಗಿಲ್ಲ."

ನೀಲಾಂಬಿಕೆಯ ಕಣ್ಣು ತುಂಬಿತು. ಸಿಟ್ಟು ಮಾತ್ರ ಇಳಿಯಲಿಲ್ಲ. ಮೂರೂ ಒಗಟು ಬಿಡಿಸಿದ್ದಾನೆ, ಅರ್ಧ ರಾಜ್ಯ ಇವನದು ಎಂದು ಸಭೆಗೆ ಸಾರಿದಳು. ಮಾಳಿಂಗ ಮೊದಲು ಆ ಆರು ಜನರನ್ನು ಬಿಡಬೇಕೆಂದು ಕೇಳಿಕೊಂಡ. ಬಿಟ್ಟರು. ಇಂಥವನ ಕೈ ಹಿಡಿಯಲು ಒಪ್ಪಿದ್ದೇನೆ ಎಂದು ಅವಳು ಅಲ್ಲೇ ಹೇಳಿದಳು.

ರಾಜ ನಿಟ್ಟುಸಿರು ಬಿಟ್ಟು, ಇನ್ನಾದರೂ ಈ ಕೋಪ ಸಾಕು ಮಗಳೇ ಎಂದ. ಅವಳು ಹಳೇ ಗಾಡಿಯ ಹಿಂದಿನ ಬಾಗಿಲು ಎತ್ತಿ ಹಿಡಿದಳು.

"ಏಳನೇ ಸೀಟು ಇನ್ನೂ ಖಾಲಿ ಇದೆ, ಅಪ್ಪಾಜಿ. ಕೂತು ನೋಡಿ."

ಸಭೆಯೆಲ್ಲ ನೋಡುತ್ತಿತ್ತು. ರಾಜ ಕಿರೀಟ ತೆಗೆದು, ನುಸುಳಿ, ಕೂತ. ಅವಳು ಬಾಗಿಲು ಮುಚ್ಚಿದಳು. ಮಧ್ಯಾಹ್ನದ ಬಿಸಿಲು ಆ ಗಾಡಿಯ ಗಾಜಿನ ಛಾವಣಿಯಿಂದ ಸುರಿಯುತ್ತಿತ್ತು. ರಾಜ ಮುಂದಿನ ಸೀಟನ್ನು ಒಂದು ಸಲ ದೂಡಿದ, ಎರಡು ಸಲ ದೂಡಿದ. ಆಮೇಲೆ ಒಳಗಿನಿಂದ ಅವನ ದನಿ ಬಂತು: "ಸೀಟು ಮಡಚಿ, ಹೊರಗೆ ಬರುತ್ತೇನೆ."

"ಅಮ್ಮನೂ ಇದನ್ನೇ ಕೇಳಿದ್ದಳು" ಎಂದಳು ನೀಲಾಂಬಿಕೆ. ಹೇಳಿದ ಮೇಲೆ ಬಾಗಿಲು ತೆರೆದಳು.

ರಾಜ ಇಳಿದವನು ಯಾರ ಮುಖವನ್ನೂ ನೋಡಲಿಲ್ಲ. ಸಂಜೆ ಕಂಚಿಗಿರಿಯ ಬೀದಿಗಳಲ್ಲಿ ಮತ್ತೊಂದು ಡಂಗುರ ಸಾರಿದರು: ಇನ್ನು ಮುಂದೆ ಅರಮನೆಯ ಗಾಡಿಯಲ್ಲಿ ಕೊನೆಯ ಸಾಲು ರಾಜನದು.